ಅವರಿಗೆ ಹೇಳಿ

ಅಣ್ಣ ತಮ್ಮ ಇಬ್ಬರೂ ಒಂದೇ ಬೇಕರಿ ನಡೆಸುತ್ತಿದ್ದರು, ಒಂದೇ ಮನೆಯಲ್ಲಿ ಉಣ್ಣುತ್ತಿದ್ದರು, ಆದರೆ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿ ವರ್ಷಗಟ್ಟಲೆ ಆಗಿತ್ತು. ಹಾಗಂತ ಬಾಯಿ ಹೊಲಿದುಕೊಂಡು ಇದ್ದರು ಎಂದುಕೊಳ್ಳಬೇಡಿ. ದಿನವಿಡೀ ಮಾತು ನಡೆಯುತ್ತಲೇ ಇತ್ತು, ನಡುವೆ ಒಬ್ಬರು ಇರಬೇಕಿತ್ತು ಅಷ್ಟೆ. ಹಿಂದುಗಡೆ ಭಟ್ಟಿಯ ಮುಂದೆ ನಿಂತು ಬ್ರೆಡ್ಡು ಬೇಯಿಸುವ ಅಣ್ಣ, "ಬನ್ನು ಇನ್ನೊಂದು ಟ್ರೇ ಹಾಕ್ಬೇಕಾ, ಅವರನ್ನ ಕೇಳು," ಎನ್ನುವನು. ಮುಂದುಗಡೆ ಗಲ್ಲಾಪೆಟ್ಟಿಗೆಯ ಹತ್ತಿರ ಕೂತ ತಮ್ಮ, "ಬನ್ನು ಸಾಕು, ರಸ್ಕ್ ಖಾಲಿ ಆಗ್ತಾ ಇದೆ, ಅವರಿಗೆ ಹೇಳಿ," ಎನ್ನುವನು. ನಡುವೆ ನಿಂತವರು ಅತ್ತ ಇತ್ತ ಸಾಗಿಸಿ ಸಾಗಿಸಿ ಸುಸ್ತಾಗುವರು. ಬೀದಿಯವರು ದೊಡ್ಡವನಿಗೆ ಭಟ್ಟಿಯಣ್ಣ, ಚಿಕ್ಕವನಿಗೆ ಗಲ್ಲಾಯಣ್ಣ ಎಂದು ಹೆಸರಿಟ್ಟಿದ್ದರು. ಜಗಳಕ್ಕೆ ಮುಂಚೆ 'ನೀನು' ಆಗಿದ್ದವರು ಜಗಳದ ಮೇಲೆ 'ಅವರು' ಆದರು. ಪ್ರೀತಿ ಕೆಟ್ಟಾಗ ಮರ್ಯಾದೆ ಎಷ್ಟು ಹೆಚ್ಚುತ್ತದೆ ಎಂದು ನೋಡಬೇಕಾದವರು ಆ ಬೇಕರಿಗೆ ಹೋಗಿ ಅರ್ಧ ಗಂಟೆ ನಿಂತರೆ ಸಾಕಿತ್ತು.

ಜಗಳಕ್ಕೆ ಕಾರಣ ಕರೆಂಟಿನ ಒಂದು ಒಲೆ. ಅಪ್ಪನ ಕಾಲದಿಂದಲೂ ಅವರದು ಸೌದೆಯ ಭಟ್ಟಿ. ಹೊಗೆಗೆ ಅಣ್ಣನ ಕಣ್ಣು ಕೆಂಪಾಗುವುದನ್ನು ನೋಡಲಾರದೆ ತಮ್ಮ ಹೇಳದೆ ಕೇಳದೆ ಒಂದು ಕರೆಂಟಿನ ಒಲೆ ತರಿಸಿದ. ಅದು ಗಾಡಿಯಿಂದ ಕೆಳಗಿಳಿಯುವ ಮೊದಲೇ ಅಣ್ಣ ವಾಪಸ್ಸು ಕಳಿಸಿದ. ಕಳಿಸಿ ಸುಮ್ಮನಿದ್ದರೆ ಮುಗಿಯುತ್ತಿತ್ತು. ಅಂಗಡಿ ತುಂಬ ಗಿರಾಕಿಗಳಿರುವಾಗ, "ನೀನು ಚಿಲ್ಲರೆ ಕೊಡೋದು ನೋಡ್ಕೋ, ಭಟ್ಟಿ ವಿಷಯಕ್ಕೆ ಮೂಗು ತೂರಿಸ್ಬೇಡ," ಎಂದುಬಿಟ್ಟ. ತಮ್ಮನ ಮುಖ ಇಷ್ಟು ಸಣ್ಣದಾಯಿತು. "ಇನ್ನು ನಿನ್ನ ಹತ್ರ ಮಾತಾಡಿದ್ರೆ ಕೇಳು," ಎಂದ. ಇಂಥ ಮಾತನ್ನು ಜನ ಬೆಳಿಗ್ಗೆ ಆಡಿ ಸಂಜೆಗೆ ಮರೆತುಬಿಡುತ್ತಾರೆ. ಈ ಮನೆಯವರಿಗೆ ಆ ಒಳ್ಳೆಯ ಅಭ್ಯಾಸ ಇರಲಿಲ್ಲ.

ಮೊದಮೊದಲು ನಡುವೆ ನಿಂತವಳು ತಂಗಿ. ನರ್ಸಿಂಗ್ ಓದುತ್ತ, ಬಿಡುವಾದಾಗ ಅಂಗಡಿಯಲ್ಲಿ ಕೇಕಿಗೆ ಕ್ರೀಮು ಹಚ್ಚುತ್ತ, ಇಬ್ಬರ ಮಾತನ್ನೂ ಖಾರ ತೆಗೆದು ದಾಟಿಸುತ್ತಿದ್ದಳು. ಅವಳಿಗೆ ಪರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೋದ ಮೇಲೆ ಆ ಚಾಕರಿ ಅತ್ತಿಗೆಯ ಹೆಗಲಿಗೆ ಬಿತ್ತು. ಈಗ ತಲೆಯಲ್ಲಿ ಬಿಳಿ ಕೂದಲು ಇಣುಕಿದ ಮೇಲೆ, ಇವಳಿಗೆ ಇನ್ನು ಮದುವೆ ಎಲ್ಲಿಂದ ಬಂತು ಎಂದು ಎಲ್ಲರೂ ಕೈಬಿಟ್ಟ ಮೇಲೆ, ಅದೇ ತಂಗಿಯ ಮದುವೆ ಗೊತ್ತಾಗಿತ್ತು. ಹುಡುಗ ಅದೇ ಆಸ್ಪತ್ರೆಯಲ್ಲಿ ಅಡುಗೆಮನೆ ನೋಡಿಕೊಳ್ಳುವವನು. ಹುಡುಗ ಎನ್ನುವುದು ಬಾಯಿಮಾತಿಗೆ, ಅವನಿಗೂ ವಯಸ್ಸಾಗಿತ್ತು.

ಅಣ್ಣತಮ್ಮಂದಿರು ಮದುವೆಗೆಂದು ಆ ದೇಶಕ್ಕೆ ಹೊರಡುವ ಮುಂಚೆ ತಂಗಿ ಚಿಕ್ಕಣ್ಣನಿಗೆ ಬೇರೆಯಾಗಿ ಫೋನು ಮಾಡಿದಳು. "ನೋಡು, ಇಷ್ಟು ವರ್ಷ ನಿಮ್ಮಿಬ್ಬರ ಟಪಾಲು ಹಂಚಿದ್ದು ಸಾಕು. ಮದುವೆ ದಿನ ನಾನು ಮದುಮಗಳಾಗಿರ್ಬೇಕು, ಪೋಸ್ಟ್‌ಮ್ಯಾನ್ ಅಲ್ಲ. ಮಾತಾಡ್ಕೊಂಡು ಬರೋದಾದ್ರೆ ಬನ್ನಿ. ಇಲ್ದಿದ್ರೆ ಇಬ್ಬರೂ ಬರ್ಬೇಡಿ, ನಾನೇನೂ ಅಂದ್ಕೊಳಲ್ಲ."

ಏನೂ ಅಂದುಕೊಳ್ಳುವುದಿಲ್ಲ ಎಂದದ್ದು ಸುಳ್ಳೆಂದು ತಮ್ಮನಿಗೆ ಗೊತ್ತಾಯಿತು. "ಅವರಿಗೂ ಹೇಳು ಹಂಗಾದ್ರೆ," ಎಂದ.

"ನೋಡು, ಮತ್ತೆ ಅವರಿಗೆ ಹೇಳು ಅಂತೀಯ. ನೀನೇ ಮೊದಲು ಮಾತಾಡ್ಸು. ಅಣ್ಣ ತಾನಾಗಿ ಬಾಯಿ ಬಿಡಲ್ಲ, ನಿಂಗೂ ಗೊತ್ತು."

"ಆಯ್ತು ಮಾರಾಯ್ತಿ, ಮಾತಾಡಿಸ್ತೀನಿ," ಎಂದು ಅವನು ಮಾತು ಕೊಟ್ಟ. ಕೊಟ್ಟ ಮೇಲೆ ಎರಡು ದಿನ ಊಟ ಸೇರಲಿಲ್ಲ.

ಬೇಕರಿಯನ್ನು ಓರಗಿತ್ತಿಯರಿಬ್ಬರಿಗೂ ಒಪ್ಪಿಸಿ ಅಣ್ಣತಮ್ಮಂದಿರು ಹೊರಟರು. ಆ ದೇಶದ ಈ ತುದಿಯ ಊರಿಗೆ ಒಂದು ವಿಮಾನ, ಅಲ್ಲಿಂದ ಆ ತುದಿಯಲ್ಲಿದ್ದ ತಂಗಿಯ ಊರಿಗೆ ಇನ್ನೊಂದು ವಿಮಾನ ಎಂದು ಮಾತಾಗಿತ್ತು. ಮೊದಲ ವಿಮಾನ ಕೆಳಗಿಳಿಯುವಾಗ ಅಣ್ಣ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಮುಂದಿನ ಸೀಟಿಗೆ ಹಣೆ ಒತ್ತಿ ಕೂತ. ಹೊರಗೆ ಬಂದವನೇ ಫೋನಿನಲ್ಲಿ ತಂಗಿಗೆ, "ನನ್ನಿಂದ ಇನ್ನೊಂದು ವಿಮಾನ ಆಗಲ್ಲಮ್ಮ," ಎಂದ. ಶುರುವಾಯಿತು ನಾಟಕ ಎಂದು ತಮ್ಮ ಮನಸ್ಸಿನಲ್ಲೇ ಹಲ್ಲು ಕಡಿದ. ತಂಗಿ ಕೂತಲ್ಲಿಂದಲೇ ರೈಲಿನ ಟಿಕೆಟ್ಟು ಮಾಡಿಸಿದಳು. ದೇಶದ ಈ ತುದಿಯಿಂದ ಆ ತುದಿಗೆ ಹೋಗುವ ರೈಲು, ಹಗಲು ಕಳೆದು ರಾತ್ರಿ, ರಾತ್ರಿ ಕಳೆದು ಹಗಲು ಓಡುತ್ತಲೇ ಇರುವಂಥದ್ದು. "ಒಳ್ಳೇದೇ ಆಯ್ತು," ಎಂದಳು ಚಿಕ್ಕಣ್ಣನಿಗೆ. "ರೈಲಲ್ಲಿ ಮುನಿಸ್ಕೊಂಡು ಎದ್ದು ಹೋಗಕ್ಕೆ ಜಾಗ ಇಲ್ಲ."

ಅವರಿಗೆ ಸಿಕ್ಕಿದ್ದು ನಾಲ್ಕು ಜನ ಮಲಗುವ ಒಂದು ಪುಟ್ಟ ಕೋಣೆ. ಒಂದು ಕಡೆಯ ಕೆಳಗಿನ ಬರ್ತು ಅಣ್ಣನಿಗೆ, ಅದರ ಮೇಲಿನದು ತಮ್ಮನಿಗೆ. ಹಗಲು ಹೊತ್ತು ಇಬ್ಬರೂ ಕೆಳಗಿನ ಸೀಟಿನಲ್ಲೇ ಕೂರಬೇಕು. ಅಣ್ಣ ತನ್ನ ಎಡಗಡೆಯ ಕಿಟಕಿಗೆ ಅಂಟಿಕೊಂಡು ಕೂತ, ತಮ್ಮ ಬಾಗಿಲ ಕಡೆಯ ತುದಿಯಲ್ಲಿ. ನಡುವೆ ತಿಂಡಿಯ ಚೀಲ. ಅತ್ತಿಗೆ ಇರಬೇಕಾದ ಜಾಗದಲ್ಲಿ ಈಗ ಆ ಚೀಲವಿತ್ತು, ಆದರೆ ಚೀಲ ಮಾತು ದಾಟಿಸುವುದಿಲ್ಲವಲ್ಲ.

ಎದುರು ಸೀಟಿನಲ್ಲಿ ಆ ದೇಶದ ಒಬ್ಬ ಅಜ್ಜಿ. ಮೈ ತುಂಬಿದ ಹೆಂಗಸು, ತಲೆಗೆ ವಸ್ತ್ರ ಕಟ್ಟಿದ್ದಳು, ಮಡಿಲಲ್ಲಿ ಸೇಬಿನ ಬುಟ್ಟಿ. ರೈಲು ಊರು ದಾಟಿ ಬಯಲಿಗೆ ಬೀಳುವ ಹೊತ್ತಿಗೆ ಕಿಟಕಿಯ ಸಂದಿನಿಂದ ಗಾಳಿ ಕೊರೆಯತೊಡಗಿತು. ತಮ್ಮ ಸ್ವಲ್ಪ ಹೊತ್ತು ತಡೆದ. ತಂಗಿಗೆ ಕೊಟ್ಟ ಮಾತು ನೆನಪಿತ್ತು, ಆದರೆ ಇವತ್ತೇ ಏನವಸರ ಎಂದೂ ಅನ್ನಿಸಿತು. ಹಳೆಯ ಚಾಳಿ, ಬಾಯಿ ತಾನೇ ಓಡಿತು. "ಅಜ್ಜೀ, ಕಿಟಕಿ ಸರಿಯಾಗಿ ಹಾಕಕ್ಕೆ ಅವರಿಗೆ ಹೇಳಿ," ಎಂದ. ಅದೂ ಶುದ್ಧ ಕನ್ನಡದಲ್ಲಿ.

ಅಜ್ಜಿ ಇವನ ಮುಖ ನೋಡಿದಳು, ಅವನ ಮುಖ ನೋಡಿದಳು, ಕಿಟಕಿ ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ ಅಣ್ಣನ ಮೊಣಕಾಲು ತಟ್ಟಿ, ತನ್ನ ಭಾಷೆಯಲ್ಲಿ ಏನೋ ಹೇಳಿ ಕಿಟಕಿ ತೋರಿಸಿದಳು. ಅಣ್ಣ ಎದ್ದು ಕಿಟಕಿ ಒತ್ತಿ ಹಾಕಿದ. "ಚಿಲಕ ಸಡಿಲ ಇದೆ, ಇದಕ್ಕಿಂತ ಮುಚ್ಚಲ್ಲ, ಅವರಿಗೆ ಹೇಳಿ ಅಜ್ಜಿ," ಎಂದ. ಅಜ್ಜಿ ಅದನ್ನೂ ಇತ್ತ ತಿರುಗಿ ತನ್ನ ಭಾಷೆಯಲ್ಲಿ ಒಪ್ಪಿಸಿದಳು. ಕನ್ನಡದ ಗಂಧಗಾಳಿ ಇಲ್ಲದ ಆ ಹೆಂಗಸು ಅರ್ಧ ಹಗಲಿನೊಳಗೆ ಈ ಸಂಸಾರದ ಸೂಕ್ಷ್ಮ ತಿಳಿದುಕೊಂಡು ಕೆಲಸಕ್ಕೆ ನಿಂತಳು. ನೀರಿನ ಬಾಟಲಿ, ಕಂಬಳಿ, ಶೌಚಾಲಯ ಖಾಲಿಯಾಗಿದೆ ಎನ್ನುವ ಸುದ್ದಿ, ಎಲ್ಲವೂ ಅವಳ ಮೂಲಕ ಹೋಗಿ ಬಂದವು. ಅಣ್ಣನಿಗೆ ಏನಾದರೂ ಹೇಳಬೇಕಾದರೆ ಅವಳು ಮೊದಲು ಅವನ ಮೊಣಕಾಲು ತಟ್ಟುತ್ತಿದ್ದಳು, ತಮ್ಮನಿಗಾದರೆ ಬರೀ ಮಾತು. ದೊಡ್ಡವನು ಎಂದು ಗೌರವ ಇರಬೇಕು ಎಂದುಕೊಂಡ ತಮ್ಮ.

ಮಧ್ಯಾಹ್ನ ಅಜ್ಜಿ ತನ್ನ ಗಂಟಿನಿಂದ ಒಂದು ದುಂಡನೆಯ ಬ್ರೆಡ್ಡು ತೆಗೆದು ಇಬ್ಬರಿಗೂ ಒಂದೊಂದು ತುಂಡು ಮುರಿದು ಕೊಟ್ಟಳು. ಬೇಕರಿಯವರ ಕೈಗೆ ಬ್ರೆಡ್ಡು ಕೊಡುವುದೆಂದರೆ ಗೊತ್ತಲ್ಲ. ಇಬ್ಬರೂ ಏಕಕಾಲಕ್ಕೆ ಅದನ್ನು ಮಗುಚಿ ತಳ ನೋಡಿದರು, ಹೆಬ್ಬೆರಳಲ್ಲಿ ಒತ್ತಿ ಮೇಲೇಳುತ್ತದೆಯೇ ಎಂದು ಕಾದರು, ಮೂಗಿನ ಹತ್ತಿರ ಹಿಡಿದು ಮೂಸಿದರು. ಅಜ್ಜಿ ಬಾಯಿ ಬಿಟ್ಟು ನಕ್ಕಳು. ಇಬ್ಬರನ್ನೂ ಬೆರಳು ಮಾಡಿ ತೋರಿಸಿ ತನ್ನ ಎರಡು ತೋರುಬೆರಳನ್ನೂ ಜೋಡಿಸಿದಳು. ಒಂದೇ ಬಸಿರಿನವರು ಎಂದು ಹೇಳುತ್ತಿದ್ದಾಳೆ ಎನ್ನಲು ಭಾಷೆ ಬೇಕಾಗಿರಲಿಲ್ಲ. ಅಣ್ಣನ ತುಟಿಯ ಅಂಚು ಸ್ವಲ್ಪ ಅಲುಗಿತು. ತಮ್ಮ ಅದನ್ನು ಓರೆಗಣ್ಣಿನಲ್ಲಿ ನೋಡಿದ, ಅವನ ಎದೆ ಹಗುರಾಯಿತು. ಇವನೇನೂ ಕಲ್ಲಲ್ಲ, ಮಾತಾಡಿಸಿದರೆ ಮಾತಾಡಿಯಾನು ಎಂಬ ಧೈರ್ಯ ಬಂತು.

ಮರುದಿನ ಬೆಳಿಗ್ಗೆ ಅಜ್ಜಿಯ ಊರು ಬಂತು. ತಮ್ಮ ಅವಳ ಗಂಟು ಹೊತ್ತು ಬೋಗಿಯ ಬಾಗಿಲ ತನಕ ಹೋದ. ಇಳಿಯುವ ಮುಂಚೆ ಅಜ್ಜಿ ಅವನ ತೋಳು ಹಿಡಿದು ನಿಲ್ಲಿಸಿ, ತನ್ನ ಬಲಗಿವಿಯನ್ನು ಹಿಡಿದೆಳೆದು, ಒಳಗಡೆ ಅಣ್ಣನಿದ್ದ ಕಡೆ ಕೈ ತೋರಿಸಿ, ತಲೆಯನ್ನು ಅತ್ತಿತ್ತ ಆಡಿಸಿದಳು. ಮತ್ತೊಮ್ಮೆ ಕಿವಿ ಎಳೆದಳು. ಅಣ್ಣನ ಕಿವಿ ಹಿಂಡಿ ಬುದ್ಧಿ ಹೇಳು ಎನ್ನುತ್ತಿದ್ದಾಳೆ ಎಂದು ತಿಳಿದು ತಮ್ಮ ನಕ್ಕು, "ಹಿಂಡ್ತೀನಿ ಅಜ್ಜಿ, ಹಿಂಡ್ತೀನಿ," ಎಂದ. ಅಜ್ಜಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೆ ರೈಲು ಯಾರಿಗೂ ಕಾಯುವಂಥದ್ದಲ್ಲ, ಅವಳು ಇಳಿದುಹೋದಳು.

ಈಗ ಕೋಣೆಯಲ್ಲಿ ಇಬ್ಬರೇ. ಸಂಜೆಗೆ ತಂಗಿಯ ಊರು. ಹೊರಗೆ ಮರ, ಮರ, ಮತ್ತೆ ಮರ, ನಡುವೆ ಎಲ್ಲೋ ಒಂದು ಮರದ ಮನೆ, ಒಗೆದು ಹರವಿದ ಬಟ್ಟೆ, ಮತ್ತೆ ಮರ. ಸಡಿಲ ಕಿಟಕಿ ಗಡಗಡ ಎನ್ನುತ್ತಿತ್ತು. ಅಣ್ಣ ಅದಕ್ಕೆ ತಲೆಯಾನಿಸಿ ಕೂತಿದ್ದ. ಎದುರು ಸೀಟು ಖಾಲಿಯಿತ್ತು. ಅಲ್ಲಿ ಹೋಗಿ ಕೂತು ಮುಖಕ್ಕೆ ಮುಖ ಕೊಟ್ಟು ಮಾತಾಡಬಹುದಿತ್ತು, ಆದರೆ ಅಷ್ಟು ಎದೆಗಾರಿಕೆ ತಮ್ಮನಿಗೆ ಇರಲಿಲ್ಲ. ಕೂತಲ್ಲೇ ಕೂತು, ತನ್ನ ಚಪ್ಪಲಿ ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, "ಅಣ್ಣಾ, ಚಳಿ ಆಗ್ತಿದೆಯಾ?" ಎಂದ.

ಉತ್ತರವಿಲ್ಲ.

ಮೊದಲ ಸಲವಲ್ಲವೇ, ಬಿಗುಮಾನ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಸ್ವಲ್ಪ ಹೊತ್ತು ಬಿಟ್ಟು ಚೀಲದ ಮೇಲೆ ಕೈಯಿಟ್ಟು ಇನ್ನೊಂದಿಷ್ಟು ಹತ್ತಿರ ಸರಿದ. "ಅಣ್ಣಾ, ಆಗಿದ್ದಾಯ್ತು. ಒಲೆ ತರೋ ಮುಂಚೆ ನಿನ್ನ ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ, ತಪ್ಪು ನಂದೇ. ಬಿಟ್ಬಿಡು. ತಂಗಿ ಮುಖ ನೋಡಿ ಆದ್ರೂ ಬಿಟ್ಬಿಡು," ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣು ಒದ್ದೆಯಾಯಿತು. ಇಷ್ಟನ್ನು ಹೇಳಲು ಅವನು ಒಳಗೆ ಎಷ್ಟು ಬೆಟ್ಟ ಹತ್ತಿ ಇಳಿದಿದ್ದ ಎನ್ನುವುದು ಅವನಿಗೊಬ್ಬನಿಗೇ ಗೊತ್ತು.

ಅಣ್ಣ ಕಿಟಕಿಯಾಚೆ ನೋಡುತ್ತಲೇ ಇದ್ದ. ಆಮೇಲೆ ನಿಧಾನವಾಗಿ, ಬಾಯಗಲಿಸಿ, ಆಕಳಿಸಿದ.

ತಮ್ಮನ ಮೈ ಉರಿದುಹೋಯಿತು. ಸಿಟ್ಟಿಗಿಂತ ಹೆಚ್ಚಾಗಿ ಅವಮಾನ. ಕಾಲಿಗೆ ಬಿದ್ದವನ ತಲೆಯ ಮೇಲೆ ಕಾಲಿಟ್ಟು ದಾಟಿಹೋದ ಹಾಗಾಯಿತು. ಆಗಲಿ, ಇಷ್ಟೇ ತಾನೇ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ಸು ಹೋಗುವ ರೈಲು ಹಿಡಿದರಾಯಿತು. ಮಾತಿಲ್ಲದೆ ಬರಬೇಡಿ ಎಂದು ತಂಗಿಯೇ ಹೇಳಿದ್ದಾಳೆ, ಅವಳ ಮಾತಾದರೂ ಉಳಿಯಲಿ. ಮೇಲಿನ ಬರ್ತಿನಿಂದ ತನ್ನ ಬ್ಯಾಗು ಇಳಿಸಿದ, ಚಪ್ಪಲಿ ಬಿಟ್ಟು ಬೂಟು ಹಾಕಿ ಲೇಸು ಕಟ್ಟತೊಡಗಿದ. ಅವಸರದಲ್ಲಿ ಗಂಟು ನಿಲ್ಲಲಿಲ್ಲ. ತಂಗಿ ಮದುವೆಯ ಸೀರೆ ಉಟ್ಟು, ತನ್ನವರು ಎನ್ನುವವರು ಒಬ್ಬರೂ ಇಲ್ಲದೆ ನಿಂತಿರುವುದು ಕಣ್ಣಿಗೆ ಕಟ್ಟಿತು.

ಅಣ್ಣ ಇವನ ಬೂಟು ನೋಡಿದ. ಊರು ಬಂದೇ ಬಿಟ್ಟಿತೇನೋ ಎಂದುಕೊಂಡಿರಬೇಕು, ಎದ್ದು ಹೊರಗೆ ಓಡಾಡುವ ಕಿರಿದಾದ ಜಾಗಕ್ಕೆ ಹೋಗಿ ಅಲ್ಲಿಯ ಕಿಟಕಿಯಲ್ಲಿ ಬಗ್ಗಿ ನೋಡುತ್ತ ನಿಂತ. ಅವನ ಬಲಗಡೆಯಿಂದ ಬೋಗಿ ನೋಡಿಕೊಳ್ಳುವ ಹೆಂಗಸು ಬಿಸಿನೀರಿನ ಗಾಡಿ ತಳ್ಳಿಕೊಂಡು ಬರುತ್ತಿದ್ದಳು. ದೂರದಿಂದಲೇ ದಾರಿ ಬಿಡಿ ಎನ್ನುವಂತೆ ಕೂಗಿದಳು. ಅಣ್ಣ ಅಲುಗಲಿಲ್ಲ. ಹತ್ತಿರ ಬಂದು ಇನ್ನೂ ಜೋರಾಗಿ ಕೂಗಿದಳು. ಪಕ್ಕದ ಕೋಣೆಯವರು ತಲೆ ಹೊರಗೆ ಹಾಕಿದರು, ಇವನು ಮಾತ್ರ ಮರ ನೋಡುತ್ತ ನಿಂತೇ ಇದ್ದ. ಗಾಡಿಯ ಮೂಲೆ ಸೊಂಟಕ್ಕೆ ತಗುಲಿದಾಗ ಬೆಚ್ಚಿಬಿದ್ದು ಗೋಡೆಗೆ ಒತ್ತಿ ನಿಂತು, ಎರಡೂ ಕೈ ಜೋಡಿಸಿದ. ಹೆಂಗಸು ಗೊಣಗಿಕೊಂಡು ಹೋದಳು.

ತಮ್ಮ ಲೇಸು ಹಿಡಿದುಕೊಂಡು ಹಾಗೇ ಕೂತ. ತನ್ನ ಮೇಲೆ ಸಿಟ್ಟು, ಸರಿ. ಆ ಹೆಂಗಸಿನ ಮೇಲೆ ಅಣ್ಣನಿಗೆ ಏನು ಸಿಟ್ಟು? ಅವಳೇನು ಒಲೆ ತಂದಿದ್ದಳೇ? ಆಗ ಅವನಿಗೆ ಅಜ್ಜಿ ಬಾಗಿಲಲ್ಲಿ ನಿಂತು ಕಿವಿ ಎಳೆದುಕೊಂಡದ್ದು ಬೇರೆಯಾಗಿ ಕಾಣತೊಡಗಿತು. ಮನೆಯಲ್ಲಿ ಅತ್ತಿಗೆ ಯಾವಾಗಲೂ ಭಟ್ಟಿಯನ್ನು ಸುತ್ತು ಹಾಕಿ, ಸೌದೆ ರಾಶಿ ದಾಟಿ, ಅಣ್ಣನ ಆಚೆ ಬದಿಗೆ ಹೋಗಿ ಮಾತಾಡುತ್ತಿದ್ದಳು. ಸೊಂಟನೋವಿನ ಹೆಂಗಸು ಅಷ್ಟು ದೂರ ಯಾಕೆ ಸುತ್ತುತ್ತಾಳೆ ಎಂದು ಅವನೊಂದು ದಿನವೂ ಕೇಳಿರಲಿಲ್ಲ.

ಬೂಟಿನ ಲೇಸು ಬಿಚ್ಚಿದ್ದ ಹಾಗೇ ಎದ್ದು ಹೊರಗೆ ಹೋದ. ಅಣ್ಣನ ಬಲಗಡೆ ನಿಂತು, "ಅಣ್ಣಾ," ಎಂದ. ಏನೂ ಇಲ್ಲ. ಹಿಂದಿನಿಂದ ಸುತ್ತಿ ಎಡಗಡೆಗೆ ಹೋಗಿ, "ಅಣ್ಣಾ," ಎಂದ.

ಅಣ್ಣ ತಿರುಗಿದ. ಯಾರೋ ಹೆಗಲ ಮೇಲಿನ ಮೂಟೆ ಇಳಿಸಿಕೊಂಡಂತೆ ಅವನ ಮುಖ ಸಡಿಲವಾಯಿತು.

"ಬಲಗಿವಿ ಕೇಳ್ಸಲ್ವಾ ನಿಂಗೆ?"

"ಇಲ್ಲ."

"ಯಾವಾಗ್ಲಿಂದ?"

"ತಂಗಿ ಇಲ್ಲಿಗೆ ಬಂದ ವರ್ಷ ನಂಗೆ ಜ್ವರ ಬಂದಿತ್ತಲ್ಲ, ಆವಾಗ್ಲಿಂದ."

"ಅಷ್ಟು ವರ್ಷದಿಂದಾನಾ? ನಂಗ್ಯಾಕೆ ಹೇಳ್ಲಿಲ್ಲ?"

ಅಣ್ಣ ಸ್ವಲ್ಪ ಯೋಚಿಸಿದ. "ನಾವು ಮಾತಾಡ್ತಿರ್ಲಿಲ್ವಲ್ಲ," ಎಂದ.

ಅದರಲ್ಲಿ ಕುಹಕ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ತಮ್ಮನಿಗೆ ನಗು ಬಂತೋ ಅಳು ಬಂತೋ, ಕಿಟಕಿಯ ಸರಳು ಹಿಡಿದು ನಿಂತ. "ಅತ್ತಿಗೆ ಆದ್ರೂ ಹೇಳ್ಬಹುದಿತ್ತು."

"ನಾನೇ ಬೇಡ ಅಂದಿದ್ದೆ. ಭಟ್ಟಿಯೋನಿಗೆ ಕಣ್ಣೂ ಹೋಯ್ತು ಕಿವೀನೂ ಹೋಯ್ತು ಅಂತ ನೀನು ಕರೆಂಟಿನ ಒಲೆ ಮತ್ತೆ ತರಿಸ್ತೀಯ ಅಂತ ಭಯ."

"ತರಿಸ್ತಿದ್ದೆ," ಎಂದ ತಮ್ಮ. "ಆಗ ನಿನ್ನನ್ನೂ ಕೇಳೇ ತರಿಸ್ತಿದ್ದೆ."

ರೈಲು ಒಂದು ಸೇತುವೆ ದಾಟಿತು, ಕೆಳಗೆ ಅಗಲವಾದ ಹೊಳೆ, ದಡದಲ್ಲಿ ಬಟ್ಟೆ ಒಗೆಯುವವರೊಬ್ಬರು ತಲೆಯೆತ್ತಿ ನೋಡಿದರು. ತಮ್ಮನಿಗೆ ಹೇಳಬೇಕೋ ಬೇಡವೋ ಎಂಬ ಒಂದು ಮಾತು ಒಳಗೆ ಹೊರಳಾಡುತ್ತಿತ್ತು. ಕೊನೆಗೆ ಹೇಳಿಯೇ ಬಿಟ್ಟ.

"ನಾನು ಒಂದ್ಸಲ ನಿನ್ನ ಕರ್ದಿದ್ದೆ. ನಿನ್ನ ಜ್ವರ ಬಿಟ್ಟ ಮೇಲೆ. ತಂಗಿ ಹೋದ್ಮೇಲೆ ಮನೆ ಬಿಕೋ ಅಂತಿತ್ತು, ಇನ್ನು ಸಾಕು ಅನ್ಸಿತ್ತು. ಭಟ್ಟಿ ಹಿಂದೆ ಬಂದು ಕರ್ದೆ. ನೀನು ತಿರುಗಿ ನೋಡ್ಲಿಲ್ಲ. ಇವನಿಗೆ ಇಷ್ಟು ಕೊಬ್ಬು ಇದ್ರೆ ನಂಗೂ ಇರ್ಲಿ ಅಂದ್ಕೊಂಡು ಹೊರಟೋದೆ."

ಅಣ್ಣ ಪೂರ್ತಿ ಇವನ ಕಡೆ ತಿರುಗಿದ. "ಕರ್ದಿದ್ಯಾ?"

"ಹೂಂ."

"ಏನಂತ ಕರ್ದೆ?"

"ಏನಂತ ಕರೀತಾರೆ? ಅಣ್ಣಾ ಅಂತ."

ಅಣ್ಣ ಹಿಟ್ಟು ನಾದಿ ನಾದಿ ದಪ್ಪಗಾದ ಕೈಯಿಂದ ಮುಖವನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಒರೆಸಿಕೊಂಡ. ಭಟ್ಟಿಯ ಮುಂದೆ ಅವನು ದಿನಕ್ಕೆ ಹತ್ತು ಸಲ ಮಾಡುತ್ತಿದ್ದದ್ದು ಅದೇ, ಬೆವರಿಗೆಂದು. ಇಲ್ಲಿ ಬೆವರುವಷ್ಟು ಸೆಕೆ ಇರಲಿಲ್ಲ.

"ಒಂದೇ ಒಂದ್ಸಲ ಕರ್ದು ಬಿಟ್ಬಿಟ್ಯಲ್ಲೋ," ಎಂದ ಕೊನೆಗೆ. "ಇನ್ನೊಂದ್ಸಲ ಕರೆಯಕ್ಕೆ ಏನಾಗಿತ್ತು ನಿಂಗೆ?"

ಅಣ್ಣ ತಾನೇ ಯಾಕೆ ಒಮ್ಮೆಯೂ ಕರೆಯಲಿಲ್ಲ ಎಂದು ತಮ್ಮ ತಿರುಗಿಸಿ ಕೇಳಬಹುದಿತ್ತು. ಗಲ್ಲಾದಲ್ಲಿ ಕೂತು ಎದುರುತ್ತರ ಕೊಡುವುದರಲ್ಲಿ ಪಳಗಿದ ಬಾಯಿ ಅದು. ಆದರೆ ಆಗ ಕೇಳಬೇಕು ಎನ್ನಿಸಲಿಲ್ಲ. ಕೋಣೆಗೆ ಹೋಗಿ ಕೂರೋಣ ಎಂದು ಅಣ್ಣನ ತೋಳು ಮುಟ್ಟಿದ. ತಿಂಡಿಯ ಚೀಲವನ್ನು ಎತ್ತಿ ಎದುರು ಸೀಟಿಗೆ ಹಾಕಿ, ತಾನೇ ಕಿಟಕಿಯ ಹತ್ತಿರ ಸರಿದು, ಅಣ್ಣನನ್ನು ತನ್ನ ಬಲಗಡೆ ಕೂರಿಸಿಕೊಂಡ. ಈಗ ಅಣ್ಣನ ಎಡಗಿವಿ ಇವನ ಕಡೆಗಿತ್ತು.

"ಈ ಕಿವೀನೂ ಹೋಗತ್ತಂತೆ," ಎಂದ ಅಣ್ಣ. ಭಟ್ಟಿ ಆರಿದೆ, ನಾಳೆ ಹಚ್ಚಬೇಕು ಎನ್ನುವಷ್ಟೇ ಸಾದಾ ಆಗಿ. "ಡಾಕ್ಟ್ರು ಹೇಳಿದಾರೆ. ಇವತ್ತು ನಾಳೆ ಅಂತಲ್ಲ, ನಿಧಾನವಾಗಿ. ಈಗ್ಲೇ ಗದ್ದಲ ಇದ್ರೆ ಏನೂ ತಿಳಿಯಲ್ಲ."

ತಮ್ಮ ಅಣ್ಣನ ಮುಖ ನೋಡಿದ. ಕೇಳುವ ಕಿವಿ ಇದ್ದ ವರ್ಷಗಳನ್ನೆಲ್ಲ ತಾವಿಬ್ಬರೂ ಸೇರಿ, ಅಷ್ಟು ಶ್ರದ್ಧೆಯಿಂದ, ಬನ್ನು ರಸ್ಕಿನ ಲೆಕ್ಕಕ್ಕೆ ಖರ್ಚು ಮಾಡಿದ್ದರು. ಅದು ತಿಳಿದ ಕೂಡಲೇ ಅವನಿಗೆ ತಡೆಯಲಾರದ ದುಃಖ ಬಂತು. ಮುಚ್ಚಿಟ್ಟುಕೊಳ್ಳಲು ಹೋಗಲಿಲ್ಲ.

"ಅಳ್ಬೇಡ್ವೋ, ತಂಗಿ ನೋಡಿದ್ರೆ ನಾನೇ ಬೈದೆ ಅಂದ್ಕೋತಾಳೆ," ಎಂದ ಅಣ್ಣ. "ಊರು ಬರೋ ತನಕ ಹೊತ್ತಿದೆ. ಏನೇನು ಹೇಳೋದಿದೆಯೋ ಹೇಳ್ಬಿಡು. ಬೈಯೋದಿದ್ರೂ ಬೈದ್ಬಿಡು, ಕೇಳ್ತೀನಿ."

ಹೇಳುವುದು ರಾಶಿ ಇತ್ತು. ಅಂಗಡಿಯದ್ದು, ಮನೆಯದ್ದು, ಅಪ್ಪನದ್ದು, ಮಕ್ಕಳದ್ದು, ಅವನು ಬಾಯಿಬಿಟ್ಟು ಹೇಳದ್ದರಿಂದ ಯಾರಿಗೂ ಗೊತ್ತಾಗದೆ ಉಳಿದುಹೋದ ಎಷ್ಟೋ ಸಂಗತಿಗಳು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಬಾಯಿ ತೆರೆದ.

"ಅಣ್ಣಾ," ಎಂದ.

"ಹೂಂ."

"ಅಣ್ಣಾ," ಎಂದ ಮತ್ತೆ.

"ಕೇಳಿಸ್ತು ಕಣೋ," ಎಂದ ಅಣ್ಣ. "ಮುಂದಕ್ಕೆ ಹೇಳು."